ಹಂತಕ್ಕೊಂದು ಫೀಸು: ನನ್ನ ಪುಟ್ಟ ಬ್ಯೂಟಿ ಸ್ಕೂಲಿನ ಲೆಕ್ಕ

ಹಂತ ಹಂತವಾಗಿ ಫೀಸು ತಗೊಂಡರೆ ಸ್ಕೂಲು ಮುಚ್ಚಬೇಕಾಗುತ್ತೆ ಅಂದವರಲ್ಲಿ ಇಬ್ಬರು ಈಗ ನನ್ನ ಫೀಸಿನ ಪಟ್ಟಿ ಕೇಳಿ ತರಿಸಿಕೊಂಡಿದ್ದಾರೆ. ಇನ್ನೂ ಯಾರಾದರೂ ಕೇಳುವ ಮೊದಲು ನಾನೇ ಬರೆದುಬಿಡುತ್ತೇನೆ. ಬ್ಯೂಟಿ ಸ್ಕೂಲು ನಡೆಸುತ್ತಿರುವವರಿಗಾಗಿ ಇದು. ಕತ್ತರಿ ಹಿಡಿಯುವುದು ಹೇಗೆ ಅಂತ ಇಲ್ಲಿ ಇಲ್ಲ. ನಿಜವಾದ ಮೊತ್ತಗಳನ್ನೂ ಬರೆಯುವುದಿಲ್ಲ, ಬಾಡಿಗೆ ಒಂದೊಂದು ಕಡೆ ಒಂದೊಂದು ಥರ. ಪೂರ್ತಿ ಕೋರ್ಸಿನ ಫೀಸು 100 ಅಂತ ಇಟ್ಟುಕೊಳ್ಳಿ, ಉಳಿದದ್ದನ್ನು ಅದರ ಮೇಲೆ ಹೇಳುತ್ತೇನೆ. ಎಲ್ಲವೂ ನೆನಪಿನಿಂದ, ಆಚೀಚೆ ಇರಬಹುದು.

ಮೊದಲು ನನ್ನದೂ ಎಲ್ಲರ ಹಾಗೇ ಇತ್ತು. ವರ್ಷಕ್ಕೆ ಎರಡು ಬ್ಯಾಚ್, ಬ್ಯಾಚಿಗೆ 20 ಜನ. ಸೇರುವಾಗ ಅರ್ಧ ಫೀಸು, ಎರಡು ತಿಂಗಳಾದ ಮೇಲೆ ಉಳಿದರ್ಧ. ಮೊದಲ ದಿನವೇ ದೊಡ್ಡ ಕಿಟ್ ಕೈಗೆ. ಫೋಟೋ ಹೊಡೆಸಿಕೊಂಡು ಖುಷಿಯಾಗಿ ಹೋಗುತ್ತಿದ್ದರು. ಕೊನೆಗೆ ಸರ್ಟಿಫಿಕೇಟ್ ಕೊಡುವ ದಿನ ಎಣಿಸಿದರೆ 11, ತಪ್ಪಿದರೆ 12.

ಖರ್ಚು ಹೀಗಿತ್ತು. 100ರಲ್ಲಿ ಟೀಚರ್ ಸಂಬಳಕ್ಕೆ 33, ಬಾಡಿಗೆಗೆ 24, ವ್ಯಾಕ್ಸು, ಕಲರ್, ಕ್ರೀಮು ಅಂತ ಸಾಮಾನಿಗೆ 17, ಕಿಟ್ಟಿಗೆ 9, ಕರೆಂಟು, ಬಿಸಿನೀರು, ಟವೆಲ್ ಒಗೆತಕ್ಕೆ 8, ಜಾಹೀರಾತಿಗೆ 5. ಉಳಿಯುವುದು 4. ಅದೂ 20 ಜನವೂ ಪೂರ್ತಿ ಕಟ್ಟಿದರೆ. ಬಿಟ್ಟುಹೋದವರಲ್ಲಿ ಹೆಚ್ಚಿನವರು ಎರಡನೇ ಕಂತಿಗೆ ಮೊದಲೇ ಬಿಟ್ಟಿರುತ್ತಿದ್ದರು. ಹಾಗಾಗಿ 100 ಬರಬೇಕಾದ ಕಡೆ ಕೈಗೆ ಬರುತ್ತಿದ್ದದ್ದು 80ರ ಆಸುಪಾಸು. ಟೀಚರ್ ಸಂಬಳ, ಬಾಡಿಗೆ ಮಾತ್ರ ಒಂದು ಪೈಸೆಯೂ ಇಳಿಯುವುದಿಲ್ಲ, ಅಲ್ವಾ? ಪಕ್ಕದ ನನ್ನ ಪಾರ್ಲರಿನ ಗಳಿಕೆ ತಂದು ಸ್ಕೂಲಿನ ಹೊಂಡಕ್ಕೆ ಸುರಿಯುತ್ತಿದ್ದೆ.

ಇದನ್ನು ಸರಿಮಾಡಲು ಮೂರು ದಾರಿ ನೋಡಿದೆ, ಮೂರೂ ಕೈಕೊಟ್ಟವು. ಒಂದೇ ಸಲ ಪೂರ್ತಿ ಕಟ್ಟಿದರೆ ಡಿಸ್ಕೌಂಟ್ ಅಂದೆ. ಹೇಗೂ ಕಟ್ಟುತ್ತಿದ್ದವರೇ ಅದನ್ನು ತಗೊಂಡರು, ನನಗೆ 10 ಕಡಿಮೆ ಬಂತು ಅಷ್ಟೇ. ಕಂತು ತಡವಾದರೆ ದಂಡ ಅಂದೆ. ದಂಡ ಬಿದ್ದವರು ಮುಖ ತೋರಿಸಲಿಲ್ಲ. ಗೆಳತಿಯನ್ನು ಸೇರಿಸಿದರೆ ಫೀಸಿನಲ್ಲಿ ಕಡಿತ ಅಂದೆ. ಜೋಡಿಯಾಗಿ ಸೇರಿದರು, ಒಬ್ಬಳು ಬಿಟ್ಟಾಗ ಇನ್ನೊಬ್ಬಳೂ ಹೊರಟಳು.

ಆಮೇಲೆ ಹಾಜರಿ ಪುಸ್ತಕ ತೆಗೆದು ಯಾರು ಯಾವ ವಾರ ಬಿಟ್ಟರು ಅಂತ ಗುರುತು ಹಾಕಿದೆ. ನಾಲ್ಕನೇ ವಾರದಿಂದ ಏಳನೇ ವಾರದೊಳಗೆ ಒಂದು ಗುಂಪು. ಎರಡನೇ ಕಂತಿನ ವಾರ ಇನ್ನೊಂದು ಗುಂಪು. ಎರಡನೆಯದು ಅರ್ಥವಾಗುತ್ತೆ. ಮೊದಲನೆಯದು ಯಾಕೆ? ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಮನೆಯಲ್ಲಿ ಕಷ್ಟ ಮೇಡಂ."

ನಿಜ ಗೊತ್ತಾದದ್ದು ಒಬ್ಬ ಹುಡುಗಿಯ ಕೈ ನೋಡಿ. ಏಪ್ರನ್ ಜೇಬಿನಿಂದ ಕೈ ತೆಗೆಯುತ್ತಲೇ ಇರಲಿಲ್ಲ. ಬಲವಂತ ಮಾಡಿ ತೋರಿಸು ಅಂದರೆ ಬೆರಳ ಸಂದಿಯೆಲ್ಲ ಕೆಂಪು, ಗಿಣ್ಣಿನ ಮೇಲೆ ಚರ್ಮ ಬಿರಿದು ಸಣ್ಣ ಸಣ್ಣ ಗೆರೆ, ಒಂದರಲ್ಲಿ ರಕ್ತ ಒಣಗಿ ಅಂಟಿತ್ತು. ಆ ವಾರಗಳಲ್ಲೇ ಹೊಸಬರನ್ನು ಶಾಂಪೂ ಬೇಸಿನ್‌ಗೆ ನಿಲ್ಲಿಸುವುದು ರೂಢಿ. ದಿನಕ್ಕೆ ಹನ್ನೆರಡು, ಹದಿನೈದು ತಲೆ. ಬಿಸಿನೀರು, ಶಾಂಪೂ, ಮತ್ತೆ ನೀರು. ಕೈ ಇಡೀ ದಿನ ಒಣಗುವುದೇ ಇಲ್ಲ. ಈ ಕೆಲಸದಲ್ಲಿ ಕೈ ಎಕ್ಸಿಮಾ ಬರುವುದು ಹೊಸ ವಿಷಯ ಅಲ್ಲ, ಅದರಲ್ಲೂ ಕಲಿಯುವವರಿಗೇ ಜಾಸ್ತಿ. ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಈ ಕೆಲಸಕ್ಕೆ ನೀನು ಲಾಯಕ್ಕಲ್ಲ ಅಂದುಬಿಡುತ್ತಾರೆ ಅನ್ನೋ ಭಯ.

ಮರುದಿನದಿಂದ ಶಾಂಪೂ ಸರದಿ ಪ್ರಕಾರ. ಒಬ್ಬರಿಗೆ ದಿನಕ್ಕೆ ನಾಲ್ಕೇ ತಲೆ. ಬೇಸಿನ್‌ನಲ್ಲೂ ಗ್ಲೌಸ್, ಕಲರ್ ಮುಗಿಸಿ ತೊಳೆಯುವಾಗಲಂತೂ ಕಡ್ಡಾಯ. ನೈಟ್ರೈಲ್ ಗ್ಲೌಸೇ ಆಗಬೇಕು, ಲೇಟೆಕ್ಸ್ ಕೆಲವರಿಗೆ ಅದೇ ಅಲರ್ಜಿ ಮಾಡುತ್ತೆ. ಬಳಸಿ ಬಿಸಾಡುವುದು, ತೊಳೆದು ಮತ್ತೆ ಹಾಕುವುದಲ್ಲ. ಕೆಲಸ ಮುಗಿದ ಮೇಲೆ ವಾಸನೆ ಇಲ್ಲದ ದಪ್ಪ ಕ್ರೀಮು. ಗ್ಲೌಸಿನ ಖರ್ಚು ಒಬ್ಬ ವಿದ್ಯಾರ್ಥಿಗೆ ಒಂದೂವರೆ ಬಂತು, 100ರಲ್ಲಿ. ನಾಲ್ಕರಿಂದ ಏಳನೇ ವಾರದ ಆ ಗುಂಪು ಅರ್ಧಕ್ಕರ್ಧ ಕರಗಿತು. ಜಾಹೀರಾತಿಗೆ 5 ಸುರಿದು ಹೊಸಬರನ್ನು ಹುಡುಕುವುದಕ್ಕಿಂತ ಇದು ಅಗ್ಗ. ನಮ್ಮ ಲೈನಿನಲ್ಲಿ ಈ ಲೆಕ್ಕ ಹಾಕಿದವರನ್ನು ನಾನಂತೂ ನೋಡಿಲ್ಲ.

ಇನ್ನು ಫೀಸು. ಕೋರ್ಸನ್ನು ಮೂರು ತುಂಡು ಮಾಡಿದೆ. ಒಂದನೇ ಹಂತ ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಸಾದಾ ಫೇಶಿಯಲ್, ಮ್ಯಾನಿಕ್ಯೂರ್, ಪೆಡಿಕ್ಯೂರ್. ಎರಡನೆಯದು ಹೇರ್: ಕಟ್, ಬ್ಲೋ ಡ್ರೈ, ಕಲರ್. ಮೂರನೆಯದು ಮೇಕಪ್ ಮತ್ತು ಕೌಂಟರ್ ಕೆಲಸ, ಅಂದರೆ ನಿಜವಾದ ಗಿರಾಕಿಗಳಿಗೆ ಕಡಿಮೆ ರೇಟಿಗೆ ಕೆಲಸ ಮಾಡಿಕೊಡುವುದು. ಫೀಸು 25, 45, 30. ಆಯಾ ಹಂತ ಶುರುವಾಗುವ ದಿನ ಅದರ ಫೀಸು, ಆವತ್ತೇ ಆ ಹಂತದ ಸಾಮಾನು. ಒಂದನೇ ಹಂತದಲ್ಲಿ ಕತ್ತರಿ ಕೊಡುವುದಿಲ್ಲ, ಎಷ್ಟೇ ಕೇಳಿದರೂ. ಒಂದು ಹಂತ ಮುಗಿಸಿದವರು ಒಂದು ವರ್ಷದೊಳಗೆ ಯಾವಾಗ ವಾಪಸ್ ಬಂದರೂ ಮುಂದಿನ ಹಂತಕ್ಕೆ ನೇರ ಸೇರಬಹುದು.

ಇದನ್ನು ಹೇಳಿದಾಗ ಸ್ಕೂಲು ನಡೆಸುವ ಗೆಳತಿಯೊಬ್ಬಳು ನಕ್ಕುಬಿಟ್ಟಳು. "ಥ್ರೆಡ್ಡಿಂಗ್ ಕಲಿತ ಮಾರನೇ ದಿನ ಹಾರಿಹೋಗ್ತಾರೆ ಕಣೇ. ಹೇರ್ ಕಲಿಯೋಕೆ ನಿನಗೆ ಒಬ್ಬರೂ ಉಳಿಯಲ್ಲ." ನನ್ನ ಟೀಚರ್ ಕೂಡ, "ಮೇಡಂ, ಇದು ಆಗೋ ಮಾತಲ್ಲ," ಅಂದರು. ಅವರ ತಕರಾರು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಾರಿಹೋದವರು ಇದ್ದರು, ಸುಳ್ಳು ಯಾಕೆ ಹೇಳಲಿ. ಹೀಗೆ ಮೊದಲು ಸೇರಿದ 12 ಜನರಲ್ಲಿ ಮೂವರು ಒಂದನೇ ಹಂತಕ್ಕೇ ಸಾಕು ಅಂದರು. ಆದರೆ ಹೋದವರು ಸುಮ್ನೆ ಕೂರಲಿಲ್ಲ. ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಮಾಡಿ ದುಡಿದರು. ಕೆಲವು ತಿಂಗಳು ಬಿಟ್ಟು ಅವರಲ್ಲಿ ಇಬ್ಬರು ವಾಪಸ್ ಬಂದು ಹೇರ್‌ಗೆ ಫೀಸು ಕಟ್ಟಿದರು, ಸ್ವಂತ ದುಡ್ಡಲ್ಲಿ. ಹಾಗೆ ಬಂದವರು ಕ್ಲಾಸು ತಪ್ಪಿಸುವುದೇ ಇಲ್ಲ. ಹಳೇ ಲೆಕ್ಕದಲ್ಲಿ ಇವರೆಲ್ಲ 'ಬಿಟ್ಟುಹೋದವರು'. ಹೊಸ ಲೆಕ್ಕದಲ್ಲಿ ಗಿರಾಕಿಗಳು.

ಕಷ್ಟ ಬಂದದ್ದು ಬೇರೆ ಕಡೆ. ಮೊದಲ ದಿನವೇ ಅರ್ಧ ಫೀಸು ಬಂದರೆ ಮೂರು ತಿಂಗಳ ಬಾಡಿಗೆಗೆ ಚಿಂತೆ ಇಲ್ಲ. 25 ಮಾತ್ರ ಬಂದರೆ ಎರಡನೇ ತಿಂಗಳಿಗೇ ಕೈ ಬರಿದು. ಅದಕ್ಕೆ ವರ್ಷಕ್ಕೆರಡು ಬ್ಯಾಚ್ ಅನ್ನುವುದನ್ನೇ ತೆಗೆದುಹಾಕಿದೆ. ಪ್ರತಿ ತಿಂಗಳು ಮೂರೋ ನಾಲ್ಕೋ ಜನ ಸೇರುತ್ತಾರೆ. ಪ್ರತಿ ತಿಂಗಳು ಯಾರಾದರೂ ಎರಡನೇ ಹಂತಕ್ಕೆ, ಯಾರಾದರೂ ಮೂರನೇ ಹಂತಕ್ಕೆ ಕಟ್ಟುತ್ತಾರೆ. ದುಡ್ಡು ಸಣ್ಣದಾಗಿ ಬಂದರೂ ನಿಲ್ಲುವುದಿಲ್ಲ. ಈ ಹರಿವು ಕುದುರುವವರೆಗೆ ಸಾಮಾನಿನ ಅಂಗಡಿಯಲ್ಲಿ ಸಾಲ ಹೇಳಿದ್ದೆ. ಅಂಗಡಿಯವರು ಒಪ್ಪಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಟೀಚರ್ ತಕರಾರು ಇದೇ. ಒಂದೇ ರೂಮಿನಲ್ಲಿ ಒಬ್ಬಳು ದಾರ ಹಿಡಿದಿರುತ್ತಾಳೆ, ಇನ್ನೊಬ್ಬಳು ಕತ್ತರಿ, ಮತ್ತೊಬ್ಬಳು ಬ್ರಷ್. ಯಾರಿಗೆ ಹೇಳಿಕೊಡುವುದು? ಬೆಳಿಗ್ಗೆ ಎರಡು ಗಂಟೆ ಹೇರ್‌ನವರಿಗೆ ಮಾತ್ರ ಟೀಚರ್ ಅಂತ ಮಾಡಿದೆವು. ಆ ಹೊತ್ತಿನಲ್ಲಿ ಒಂದನೇ ಹಂತದವರು ತಮ್ಮ ಕಾಲಿನ ಮೇಲೆಯೇ ಥ್ರೆಡ್ಡಿಂಗ್ ಅಭ್ಯಾಸ ಮಾಡಬೇಕು, ಮೂರನೇ ಹಂತದವಳೊಬ್ಬಳು ನೋಡಿಕೊಳ್ಳುತ್ತಾಳೆ. ದಾರವನ್ನು ಹಲ್ಲಿನಲ್ಲಿ ಕಚ್ಚುವುದು ನಮ್ಮಲ್ಲಿ ಇಲ್ಲ, ಕುತ್ತಿಗೆಗೆ ಸುತ್ತಿಕೊಳ್ಳಬೇಕು. ಬೇರೆಯವರಿಗೆ ಹೇಳಿಕೊಟ್ಟವಳ ಕೈ ಇನ್ನೂ ಚುರುಕಾಯಿತು. ಟೀಚರ್ ಸಂಬಳ ಸ್ವಲ್ಪ ಏರಿಸಿದೆ, ತಕರಾರು ನಿಂತಿತು. ಯಾವುದರಿಂದ ನಿಂತಿತೋ ಅವರನ್ನೇ ಕೇಳಬೇಕು.

ಸಾಮಾನಿನ 17 ಈಗ 12ಕ್ಕೆ ಇಳಿದಿದೆ. ಇದಕ್ಕೆ ಎರಡು ಕಾರಣ. ಒಂದು, ಕಲರ್ ಮೇಜಿನ ಮೇಲೆ ಒಂದು ತೂಕದ ಮಷಿನ್. ಒತ್ತಿದಷ್ಟು ಟ್ಯೂಬು ಅನ್ನುವುದು ಹೋಯಿತು. 20 ಗ್ರಾಂ ಕಲರ್, 30 ಗ್ರಾಂ ಡೆವಲಪರ್ (ಕಲರ್ ಜೊತೆ ಕಲಸುವ ಪೆರಾಕ್ಸೈಡ್), ಸಾಲದಿದ್ದರೆ ಮತ್ತೆ ಕಲಸು. ಕಲಿಯುವವರಿಗೆ ನಾನು 20 ವಾಲ್ಯೂಮ್ ಡೆವಲಪರ್, ಅಂದರೆ 6 ಪರ್ಸೆಂಟ್ ಪೆರಾಕ್ಸೈಡ್, ಅದರ ಮೇಲೆ ಕೊಡುವುದೇ ಇಲ್ಲ. 40 ವಾಲ್ಯೂಮ್ ಬಾಟಲಿಗೆ ಬೀಗ. ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಚೂರು ಕಲರ್ ಹಚ್ಚಿ ಅಲರ್ಜಿ ಆಗುತ್ತಾ ಅಂತ ನೋಡುವುದು) ಮಾಡಿ 48 ಗಂಟೆ ಆಗದ ಹೊರತು ನಿಜವಾದ ತಲೆಗೆ ಕೈ ಹಾಕುವ ಹಾಗಿಲ್ಲ, ಬಂದವರು ಸ್ವಂತ ಅಕ್ಕನೇ ಆದರೂ.

ಎರಡನೆಯದು ಡಮ್ಮಿ ತಲೆ. ಸಿಂಥೆಟಿಕ್ ಕೂದಲಿನದು ಅಗ್ಗ ಅಂತ ಒಂದು ಸಲ ಗಂಟು ತರಿಸಿದ್ದೆ. ಐರನ್ ತಾಗಿದ ಕೂಡಲೇ ಕರಗಿ ಅಂಟಿತು, ಕಲರ್ ಹಿಡಿಯಲೇ ಇಲ್ಲ. ಜಡೆ, ತುರುಬಿಗೆ ಮಾತ್ರ ಆಗುತ್ತೆ. ಅಸಲಿ ಕೂದಲಿನದು ದುಬಾರಿ, ಆದರೆ ಒಂದನ್ನೇ ಕೊನೆಯವರೆಗೆ ಎಳೆಯಬಹುದು. ಮೊದಲು ಸ್ಟೈಲಿಂಗ್, ಬ್ಲೋ ಡ್ರೈ. ಆಮೇಲೆ ಒಂದೇ ಉದ್ದದ ಕಟ್. ಆಮೇಲೆ ಲೇಯರ್. ಕೊನೆಗೆ ಚಿಕ್ಕ ಕಟ್. ಕೆಳಗೆ ಬಿದ್ದ ಉದ್ದದ ಕೂದಲನ್ನು ಗುಡಿಸಲು ಬಿಡುವುದಿಲ್ಲ. ಕಟ್ಟಿ, ಅಂಟು ಹಾಕಿ, ಕಲರ್ ಅಭ್ಯಾಸಕ್ಕೆ ಕುಚ್ಚು ಮಾಡುತ್ತೇವೆ. ಮೊದಲು ಒಬ್ಬರಿಗೆ ಮೂರು ತಲೆ ಬೇಕಿತ್ತು, ಈಗ ಒಂದೂವರೆ. ಅರ್ಧ ಹೇಗೆ ಅಂದರೆ ಇಬ್ಬರಿಗೆ ಸೇರಿ ಮೂರು. ರೇಜರ್‌ಗೆ ತಲೆ ಬೇಡ, ಬಲೂನಿಗೆ ಶೇವಿಂಗ್ ಫೋಮ್ ಹಚ್ಚಿ ಒಡೆಯದ ಹಾಗೆ ತೆಗೆಯಲಿ, ಸಾಕು.

ಮೂರನೇ ಹಂತದವರ ಕೌಂಟರ್ ಇನ್ನೊಂದು ಆದಾಯ. ಸಾಮಾನಿನ ಖರ್ಚಿನ ಮೇಲೆ ಸ್ವಲ್ಪ ಸೇರಿಸಿ ಕಡಿಮೆ ರೇಟಿಗೆ ಕೆಲಸ. ಶುರುವಿನಲ್ಲಿ ಇದು ತಿರುಗಿಬಿತ್ತು. ನನ್ನ ಪಾರ್ಲರಿನ ಖಾಯಂ ಗಿರಾಕಿಗಳೇ ನೈಸಾಗಿ ಆ ಕಡೆ ಹೋಗಿ ಕೂತರು. ಈಗ ಪಾರ್ಲರು ಖಾಲಿ ಹೊಡೆಯುವ ಮಧ್ಯಾಹ್ನದ ಹೊತ್ತು ಮಾತ್ರ ಕೌಂಟರ್ ತೆಗೆಯುತ್ತೇವೆ. ಹೇರ್‌ಕಟ್‌ಗೆ ಒಂದೂವರೆ ಗಂಟೆ ಕೂರಬೇಕು ಅಂತ ದೊಡ್ಡದಾಗಿ ಬೋರ್ಡು. ಅವಸರ ಇರುವವರು ಪೂರ್ತಿ ರೇಟು ಕೊಟ್ಟು ಪಾರ್ಲರಿಗೇ ಬರುತ್ತಾರೆ. ಇದರಿಂದ ಒಬ್ಬ ವಿದ್ಯಾರ್ಥಿ ಲೆಕ್ಕದಲ್ಲಿ ಹತ್ತೋ ಹನ್ನೆರಡೋ ಬರುತ್ತೆ, ಅದರಲ್ಲಿ ಒಂದು ಪಾಲು ಅವರಿಗೇ. ಪಾಲು ಕೊಡದಿದ್ದರೆ ಅದು ಕಲಿಕೆ ಅಲ್ಲ, ಬಿಟ್ಟಿ ಚಾಕರಿ.

ಸೇರುವವರ ಸಂಖ್ಯೆ? ವಿಚಾರಿಸಲು ಬರುವ ಆರು ಜನರಲ್ಲಿ ಒಬ್ಬರು ಸೇರುತ್ತಾರೆ, ಮೊದಲೂ ಅಷ್ಟೇ, ಈಗಲೂ ಅಷ್ಟೇ. ಆದರೆ ಮೊದಲು ಉಚಿತ ಡೆಮೊ ಇಡುತ್ತಿದ್ದೆ, ಉಚಿತ ಫೇಶಿಯಲ್‌ಗೆ ಬಂದವರೇ ಜಾಸ್ತಿ. ಈಗ ಅರ್ಧ ದಿನದ ಕ್ಲಾಸಿಗೆ ಸಣ್ಣ ಮೊತ್ತ ತಗೊಂಡು, ಸೇರಿದರೆ ಫೀಸಿನಲ್ಲಿ ಕಳೆಯುತ್ತೇನೆ. ಆ ಅರ್ಧ ದಿನ ಕೂರಲು ಕುರ್ಚಿ ಇಲ್ಲ. ನಿಂತೇ ಇರಬೇಕು. ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಕೇಳಿದರೆ ಇವಳು ಉಳಿಯುತ್ತಾಳೋ ಇಲ್ಲವೋ ಮುಕ್ಕಾಲು ಪಾಲು ಗೊತ್ತಾಗುತ್ತೆ. ಆ ಪ್ರಶ್ನೆ ನನ್ನ ಹತ್ತಿರವೇ ಇರಲಿ.

ಕೆಲಸ ಸಿಕ್ಕವರ ಲೆಕ್ಕದಲ್ಲಿ ನಮ್ಮವರು ಮಾಡುವ ಜಾದೂ ನಿಮಗೆ ಗೊತ್ತೇ ಇದೆ. ನನ್ನ ಹಳೇ ಬ್ಯಾಚನ್ನೇ ತಗೊಳ್ಳಿ. ಸೇರಿದ್ದು 20, ಮುಗಿಸಿದ್ದು 11, ಕೆಲಸ ಕೇಳಿದ್ದು 8, ಸಿಕ್ಕಿದ್ದು 7. ಬೋರ್ಡಿನಲ್ಲಿ ಹಾಕುವುದು 8ಕ್ಕೆ 7, ಹತ್ತಿರ ಹತ್ತಿರ 88 ಪರ್ಸೆಂಟ್. ಫೀಸು ಕಟ್ಟಿದ್ದು ಮಾತ್ರ 20 ಜನ. ಅಲ್ಲಿಂದ ಎಣಿಸಿದರೆ 35. ನಾನು ಈಗ ಸೇರಿದವರಿಂದಲೇ ಎಣಿಸುತ್ತೇನೆ. ಬಿಟ್ಟ ಆರು ತಿಂಗಳಿಗೆ ಫೋನು, ಎತ್ತದವರು ಕೆಲಸ ಇಲ್ಲದವರ ಲೆಕ್ಕಕ್ಕೆ. ಹೊಸ ಪದ್ಧತಿಯ ಮೊದಲ ವರ್ಷ ಸುಮಾರು 45 ಜನ ಸೇರಿದರು. ಮೂರೂ ಹಂತ ಮುಗಿಸಿದವರು 33 ಇರಬೇಕು. ಆರು ತಿಂಗಳ ಮೇಲೆ ಸಲೂನಿನಲ್ಲಿ ಇದ್ದವರು 24, ಸ್ವಂತ ಮಾಡಿಕೊಂಡವರು 10, ಒಂದನೇ ಹಂತಕ್ಕೇ ಬಿಟ್ಟು ಮನೆಯಲ್ಲಿ ಕೆಲಸ ಹಿಡಿದವರೂ ಸೇರಿ. ನಾಲ್ಕರಲ್ಲಿ ಮೂರು ಪಾಲು. ಈ ಅಂಕಿ ಗೋಡೆಗೆ ಬರೆದಿದ್ದೇನೆ, ಲೆಕ್ಕ ಹಾಕಿದ ರೀತಿಯನ್ನೂ ಕೆಳಗೆ ಬರೆದಿದ್ದೇನೆ. ಪಕ್ಕದಲ್ಲಿ ಬೇರೆಯವರ 100 ಪರ್ಸೆಂಟ್ ಬೋರ್ಡು ಇದ್ದರೂ ನಮ್ಮಲ್ಲಿಗೆ ಬರುವವರು ಕಡಿಮೆ ಆಗಿಲ್ಲ.

ಸಲೂನುಗಳ ಜೊತೆ ಕಾಗದದ ಒಪ್ಪಂದ ಮಾಡಿಕೊಂಡು ಒಂದಷ್ಟು ಕಾಲ ಹಾಳಾಯಿತು. ನಮ್ಮ ಹುಡುಗಿಯರನ್ನು ತಗೊಂಡು ತಿಂಗಳುಗಟ್ಟಲೆ ನೆಲ ಗುಡಿಸಿಸಿದರು. ಈಗ ಒಪ್ಪಂದ ಇಲ್ಲ. ಮೂರನೇ ಹಂತದ ಕೊನೆಯಲ್ಲಿ ಸಲೂನಿನವರನ್ನೇ ಕರೆಸುತ್ತೇನೆ, ಅವರೇ ಕೂದಲು ಕಟ್ ಮಾಡಿಸಿಕೊಳ್ಳಲಿ. ಇಷ್ಟವಾದರೆ ಅಲ್ಲೇ ಸಂಬಳದ ಮಾತು.

ಇನ್ನೂ ಬಗೆಹರಿಯದ ಒಂದು ವಿಷಯ ಇದೆ. ಮೇಕಪ್ ಮಾತ್ರ ಸಾಕು, ಮೂರನೇ ಹಂತಕ್ಕೆ ನೇರ ಸೇರಿಸಿ ಅನ್ನುವವರು ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಅವರಿಗೆ 30ರ ಬದಲು 40 ಹೇಳಿ ಇಬ್ಬರನ್ನು ಸೇರಿಸಿಕೊಂಡಿದ್ದೇನೆ. ಚರ್ಮ ಮುಟ್ಟಿ ಗೊತ್ತಿಲ್ಲದ ಕೈ, ಬೇಸ್ ಹಚ್ಚುವಾಗಲೇ ಎದ್ದು ಕಾಣುತ್ತೆ. ಫೇಶಿಯಲ್ ಕ್ಲಾಸಿಗೂ ಕೂರಿ ಅಂದಿದ್ದೇನೆ, ಒಬ್ಬಳು ಕೂರುತ್ತಿದ್ದಾಳೆ, ಇನ್ನೊಬ್ಬಳು ದುಡ್ಡು ವಾಪಸ್ ಕೇಳುತ್ತಿದ್ದಾಳೆ.