ಮೀನಿನ ತೊಟ್ಟಿಗೆ ಬೋರ್ ನೀರು ಹಾಕುವವರಿಗೆ

ಮಗ ಬೆಂಗಳೂರಿಗೆ ಕೆಲಸಕ್ಕೆ ಹೊರಟಾಗ 60 ಲೀಟರಿನ ಮೀನಿನ ತೊಟ್ಟಿಯನ್ನು ನನಗೆ ಗಂಟು ಹಾಕಿ ಹೋದ. ಒಳಗೆ ಹನ್ನೊಂದು ಗಪ್ಪಿ. ವಾರವಾರ ನೀರು ಬದಲಿಸಿದರೂ ಗಾಜಿಗೆ ಪಾಚಿ ಮೆತ್ತುತ್ತಲೇ ಇತ್ತು, ನೈಟ್ರೇಟ್ (ಮೀನಿನ ಹೊಲಸಿನಿಂದ ನೀರಲ್ಲಿ ಸೇರುವ, ಪಾಚಿಗೆ ಗೊಬ್ಬರವಾಗುವ ಲವಣ) ಲೀಟರಿಗೆ 80 ಮಿಲಿಗ್ರಾಂನಿಂದ ಅಲ್ಲಾಡುತ್ತಿರಲಿಲ್ಲ. ಕೊನೆಗೆ ನಲ್ಲಿ ನೀರನ್ನೇ ಪರೀಕ್ಷೆ ಮಾಡಿದೆ. ಅದರಲ್ಲೇ 40! ನಮ್ಮ ಮನೆ ಹಾಸನದ ಅಂಚಿನಲ್ಲಿ, ಕಾಂಪೌಂಡಿನಾಚೆ ಆಲೂಗಡ್ಡೆ ಹೊಲ, ನಲ್ಲಿಗೆ ಬರೋದು ಬೋರ್ ನೀರು. ಹೊಲದ ಗೊಬ್ಬರ, ಶೌಚದ ಗುಂಡಿ ಎರಡರಿಂದಲೂ ನೈಟ್ರೇಟ್ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀನಿಗೆ 20ರೊಳಗಿದ್ದರೆ ನೆಮ್ಮದಿ.

ಹಾಗಾಗಿ ಮೊದಲು ನಲ್ಲಿ ನೀರು ಪರೀಕ್ಷಿಸಿ. ನನ್ನ ನೈಟ್ರೇಟ್ ಪರೀಕ್ಷೆಯ ಕಿಟ್ಟಿನ ಎರಡನೇ ದ್ರಾವಣದ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಬೇಕು. ಕುಲುಕದಿದ್ದರೆ ಸುಳ್ಳು ಹೇಳುತ್ತದೆ, ಕಡಿಮೆ ತೋರಿಸುತ್ತದೆ.

ನೀರು ಕಾಯಿಸಿ ಆರಿಸಿದರೆ ಪ್ರಯೋಜನವಿಲ್ಲ. ಆವಿ ಹೋಗುತ್ತದೆ, ನೈಟ್ರೇಟ್ ಉಳಿಯುತ್ತದೆ. ನಾನು ಇದಕ್ಕಿಂತ ದೊಡ್ಡ ದಡ್ಡತನ ಮಾಡಿದ್ದೆ: ಅಡುಗೆಮನೆ ಆರ್‌ಒ ಪೈಪಿನಿಂದ ಹೊರಬೀಳುವ ವೇಸ್ಟ್ ನೀರು ಪೋಲಾಗದಿರಲಿ ಅಂತ ಎರಡು ವಾರ ತೊಟ್ಟಿಗೆ ಸುರಿದೆ. ಆರ್‌ಒ ತೆಗೆದ ನೈಟ್ರೇಟೆಲ್ಲ ಸೇರುವುದು ಆ ನೀರಿಗೇ! ಕಿಟ್ಟಿನ ಕೊಳವೆ ಕುಂಕುಮದ ಹಾಗೆ ಕೆಂಪಾಯಿತು. ಎರಡು ಗಪ್ಪಿ ಹೋದವು. ಮಗನಿಗೆ ಇನ್ನೂ ಹೇಳಿಲ್ಲ.

ಈಗ ಬೆರಕೆ ನೀರು ಹಾಕುತ್ತೇನೆ. ವಾರಕ್ಕೆ 12 ಲೀಟರ್ ತೆಗೆದು, 6 ಲೀಟರ್ ಬೋರ್ ನೀರು, 6 ಲೀಟರ್ ಮಳೆನೀರು ಸೇರಿಸುತ್ತೇನೆ. ಮಳೆನೀರಿನಲ್ಲಿ ನೈಟ್ರೇಟ್ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ 40 ಇದ್ದದ್ದು 20ರ ಆಸುಪಾಸಿಗೆ ಬರುತ್ತದೆ. ಮೊದಲೆರಡು ಮಳೆ ತಾರಸಿ ತೊಳೆಯಲಿ, ಆಮೇಲೆ ಡ್ರಮ್ಮಿಗೆ ಹಿಡಿಯಿರಿ, ಮುಚ್ಚಿಡಿ. (ಸೊಳ್ಳೆಮರಿ ಆದರೆ ಗಪ್ಪಿಗಳಿಗೆ ಹಬ್ಬ, ನಮಗಲ್ಲ.) ಬೇಸಿಗೆಯಲ್ಲಿ ಆ ಜಾಗಕ್ಕೆ ಆರ್‌ಒದ ಕುಡಿಯುವ ನೀರು. ಬರೀ ಮಳೆನೀರು, ಬರೀ ಆರ್‌ಒ ನೀರು ಮಾತ್ರ ಬೇಡ; ಅವುಗಳಲ್ಲಿ ಗಡಸುತನವೇ (ಕರಗಿದ ಖನಿಜ) ಇಲ್ಲವೆನ್ನುವಷ್ಟು ಕಡಿಮೆ, ಪಿಎಚ್ ಒಮ್ಮೆಲೇ ಕುಸಿದು ನೀರು ಹುಳಿಯಾಗಬಹುದು. ಅವಸರಕ್ಕೆ ಬಿದ್ದು ಒಂದೇ ದಿನ ಅರ್ಧ ತೊಟ್ಟಿ ಬದಲಿಸಲೂಬೇಡಿ.

ಜೊತೆಗೆ ಮನಿ ಪ್ಲಾಂಟಿನ ನಾಲ್ಕು ಬಳ್ಳಿ ತುಂಡು ಮಾಡಿ, ಬೇರು ಮಾತ್ರ ನೀರಲ್ಲಿ, ಎಲೆ ಹೊರಗೆ ಇರುವಂತೆ ತೊಟ್ಟಿಯ ಅಂಚಿಗೆ ಸಿಕ್ಕಿಸಿದ್ದೇನೆ. ನೈಟ್ರೇಟ್ ಅದಕ್ಕೆ ಗೊಬ್ಬರ. ಬಳ್ಳಿ ಈಗ ಕಿಟಕಿ ಸರಳು ದಾಟಿದೆ, ಕಿಟ್ 20ರ ಬಣ್ಣದಲ್ಲಿ ನಿಂತಿದೆ.