ಶಿಕಾಗೋದಲ್ಲಿ ಇಳಿದು ಇವಾನ್‌ಸ್ಟನ್ ಕ್ಯಾಂಪಸ್ ತಲುಪುವುದು ಹೇಗೆ?

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ವಿದ್ಯಾರ್ಥಿಗಳು ಅಗ್ಗದ ವಿಮಾನ ಟಿಕೆಟ್‌ಗಾಗಿ ವಾರಗಟ್ಟಲೆ ಹುಡುಕುತ್ತಾರೆ. ಇಳಿದ ಮೇಲೆ ಉಳಿಯುವ ಕೊನೆಯ ಇಪ್ಪತ್ತು ಚಿಲ್ಲರೆ ಕಿಲೊಮೀಟರುಗಳ ಯೋಚನೆ ಬರುವುದು ಮಾತ್ರ ಎರಡು ಸೂಟ್‌ಕೇಸುಗಳನ್ನು ಬೆಲ್ಟಿನಿಂದ ಎಳೆದುಕೊಂಡ ನಂತರ. ಈ ದಾರಿ ಕಷ್ಟದ್ದಲ್ಲ. ಆದರೆ ನಕ್ಷೆಯನ್ನು ಒಮ್ಮೆ ನೋಡಿಕೊಳ್ಳದಿದ್ದರೆ ಒಂದು ಗಂಟೆಯ ಪ್ರಯಾಣ ಎರಡು ಗಂಟೆಯದಾಗುತ್ತದೆ.

ಶಿಕಾಗೋಗೆ ಎರಡು ದೊಡ್ಡ ವಿಮಾನ ನಿಲ್ದಾಣಗಳಿವೆ. ಓಹೇರ್ ನಗರದ ವಾಯವ್ಯಕ್ಕೂ ಮಿಡ್‌ವೇ ನೈರುತ್ಯಕ್ಕೂ ಇವೆ. ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ ಇರುವುದು ನಗರದ ಉತ್ತರ ಗಡಿಗೆ ಅಂಟಿಕೊಂಡ ಇವಾನ್‌ಸ್ಟನ್ ಎಂಬ ಉಪನಗರದಲ್ಲಿ, ಮಿಷಿಗನ್ ಸರೋವರದ ದಂಡೆಯ ಮೇಲೆ. ಶಿಕಾಗೋದ ಸಾರಿಗೆ ಸಂಸ್ಥೆಯಾದ ಸಿಟಿಎ ಓಡಿಸುವ, ಊರಿನವರು ‘ಎಲ್’ ಎಂದು ಕರೆಯುವ ನಗರ ರೈಲಿನ ಮಾರ್ಗಗಳು ಬಹುಪಾಲು ಗಾಲಿಯ ಕಡ್ಡಿಗಳಂತೆ ನಗರಕೇಂದ್ರದಿಂದ ಹೊರಟು ಹೊರವಲಯಕ್ಕೆ ಚಾಚಿಕೊಂಡಿವೆ. ಹೀಗಾಗಿ ಇವಾನ್‌ಸ್ಟನ್‌ಗೆ ಬಹುಮಟ್ಟಿಗೆ ನೇರ ಪಶ್ಚಿಮದಲ್ಲಿರುವ ಓಹೇರ್‌ನಿಂದ ರೈಲು ಹಿಡಿದರೆ, ಮೊದಲು ಆಗ್ನೇಯಕ್ಕೆ ನಗರಕೇಂದ್ರದವರೆಗೆ ಹೋಗಿ, ಅಲ್ಲಿಂದ ಮತ್ತೆ ಉತ್ತರಕ್ಕೆ ತಿರುಗಬೇಕು. ಇದು ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಲೆಕ್ಕವೇ. ಯಾವ ನಿಲ್ದಾಣದಲ್ಲಿ ಇಳಿಯುತ್ತೀರಿ, ಎಷ್ಟು ಗಂಟೆಗೆ, ಕೈಯಲ್ಲಿ ಎಷ್ಟು ಸಾಮಾನು ಎಂಬ ಮೂರನ್ನು ನೋಡಿ ದಾರಿ ಆರಿಸಬೇಕೇ ಹೊರತು ದರವನ್ನು ಮಾತ್ರ ನೋಡಿ ಅಲ್ಲ.

ಹೊರಡುವ ಮುನ್ನ

ಮೊದಲು ನಿಮ್ಮ ವಿಭಾಗ ಯಾವ ಕ್ಯಾಂಪಸ್‌ನಲ್ಲಿದೆ ಎಂಬುದನ್ನು ಪ್ರವೇಶ ಪತ್ರದ ವಿಳಾಸದಲ್ಲಿ ಖಚಿತಪಡಿಸಿಕೊಳ್ಳಿ. ಇದೇ ವಿಶ್ವವಿದ್ಯಾಲಯದ ವೈದ್ಯಕೀಯ ಮತ್ತು ಕಾನೂನು ಶಾಲೆಗಳು ಇವಾನ್‌ಸ್ಟನ್‌ನಲ್ಲಿಲ್ಲ, ಶಿಕಾಗೋ ನಗರದ ಒಳಗಿನ ಕ್ಯಾಂಪಸ್‌ನಲ್ಲಿವೆ. ‘ಎಲ್’ ಮಾರ್ಗಗಳಿಗೆ ಬಣ್ಣಗಳ ಹೆಸರಿದೆ; ಅಲ್ಲಿಗೆ ಹೋಗುವವರು ರೆಡ್ ಲೈನಿನ ‘ಶಿಕಾಗೋ’ ನಿಲ್ದಾಣದಲ್ಲಿ ಇಳಿಯಬೇಕು. ಬ್ಲೂ ಲೈನಿನಲ್ಲೂ ಬ್ರೌನ್ ಲೈನಿನಲ್ಲೂ ಅದೇ ಹೆಸರಿನ ಬೇರೆ ನಿಲ್ದಾಣಗಳಿರುವುದರಿಂದ ಹೆಸರಿನ ಜೊತೆಗೆ ಬಣ್ಣವನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದು ಹಣ ಪಾವತಿಯ ವಿಷಯ. ಸಿಟಿಎ ರೈಲಿನ ಗೇಟುಗಳಲ್ಲಿ ವೆಂಟ್ರಾ ಎಂಬ ಕಾರ್ಡನ್ನಾಗಲಿ, ಸ್ಪರ್ಶವಿಲ್ಲದೆ ಪಾವತಿಸಬಲ್ಲ ಬ್ಯಾಂಕ್ ಕಾರ್ಡನ್ನಾಗಲಿ ತೋರಿಸಿ ಒಳಹೋಗಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ನಮ್ಮಲ್ಲಿ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮತ್ತು ಸ್ಪರ್ಶರಹಿತ ಪಾವತಿ ಎರಡೂ ಮೊದಲಿಗೆ ಸ್ಥಗಿತವಾಗಿರುತ್ತವೆ. ಗ್ರಾಹಕರೇ ಅವನ್ನು ಚಾಲೂ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್ ತೆರೆದು ಈ ಎರಡು ಗುಂಡಿಗಳನ್ನು ಮನೆಯಲ್ಲಿ ಕುಳಿತೇ ಒತ್ತಿಕೊಳ್ಳಿ. ಭಾರತದ ಸಿಮ್‌ಗೆ ಬರುವ ಒಟಿಪಿಗಾಗಿ ಶಿಕಾಗೋದ ಗೇಟಿನ ಮುಂದೆ ನಿಂತು ಕಾಯುವುದು ಯಾರಿಗೂ ಬೇಡವಾದ ಕೆಲಸ.

ಮೂರನೆಯದು ಸಮಯದ ಲೆಕ್ಕ. ಶಿಕಾಗೋದ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದಿರುತ್ತದೆ. ವಿಮಾನ ಇಳಿಯುವ ಹೊತ್ತಿಗೆ ಕನಿಷ್ಠ ಎರಡು ಗಂಟೆ ಸೇರಿಸಿ, ಅದನ್ನೇ ಹೊರಬರುವ ಹೊತ್ತು ಎಂದು ಭಾವಿಸಿ. ಪಾಸ್‌ಪೋರ್ಟ್ ಮತ್ತು ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಪೆಟ್ಟಿಗೆ ಸಿಗುವುದು ವಲಸೆ ಅಧಿಕಾರಿಯ ಪರಿಶೀಲನೆ ಮುಗಿದ ಮೇಲೆ. ಅಬುಧಾಬಿಯ ಮೂಲಕ ಬರುವವರಿಗೆ ಅಮೆರಿಕದ ಈ ಪರಿಶೀಲನೆ ಅಬುಧಾಬಿಯಲ್ಲೇ ಮುಗಿಯುವುದರಿಂದ ಅವರು ಶಿಕಾಗೋದಲ್ಲಿ ಬೇಗ ಹೊರಬೀಳುತ್ತಾರೆ; ಆದರೆ ಆ ಸಮಯವನ್ನು ಅಬುಧಾಬಿಯಲ್ಲಿ ತೆತ್ತೇ ಬಂದಿರುತ್ತಾರೆ.

ಓಹೇರ್‌ನಿಂದ

ವಿದೇಶದಿಂದ ಬರುವ ವಿಮಾನಗಳ ಪ್ರಯಾಣಿಕರು ಸಾಮಾನ್ಯವಾಗಿ ಹೊರಬರುವುದು ಟರ್ಮಿನಲ್ 5ರಿಂದ. ಇದು ಉಳಿದ 1, 2, 3ನೇ ಟರ್ಮಿನಲ್‌ಗಳಿಂದ ದೂರದಲ್ಲಿ ಒಂಟಿಯಾಗಿದೆ. ಇವೆಲ್ಲವನ್ನೂ ಜೋಡಿಸುವ, ಚಾಲಕನಿಲ್ಲದ ಪುಟ್ಟ ರೈಲನ್ನು ಎಟಿಎಸ್ ಎನ್ನುತ್ತಾರೆ. ಅದಕ್ಕೆ ಟಿಕೆಟ್ ಇಲ್ಲ.

ನನ್ನ ಮಟ್ಟಿಗೆ ಹಗಲಿನಲ್ಲಿ ಇಳಿದವರಿಗೆ ಅತ್ಯುತ್ತಮ ದಾರಿ ರೈಲಲ್ಲ, ಬಸ್ಸು. ಎಟಿಎಸ್ ಹಿಡಿದು ಮಲ್ಟಿ ಮೋಡಲ್ ಫೆಸಿಲಿಟಿ ಎಂಬ ನಿಲುಗಡೆಯಲ್ಲಿ ಇಳಿಯಬೇಕು. ಬಾಡಿಗೆ ಕಾರುಗಳ ಕೌಂಟರುಗಳಿರುವ ದೊಡ್ಡ ಕಟ್ಟಡವಿದು. ಜನರೆಲ್ಲ ಕಾರಿನ ಕಡೆಗೆ ನಡೆಯುವುದನ್ನು ಕಂಡು ತಪ್ಪು ಜಾಗಕ್ಕೆ ಬಂದೆವೇನೋ ಎಂದು ಅನುಮಾನಿಸಬೇಡಿ. ಉಪನಗರಗಳ ಬಸ್ ಸಂಸ್ಥೆಯಾದ ಪೇಸ್ 2023ರ ಆಗಸ್ಟ್‌ನಲ್ಲಿ ಆರಂಭಿಸಿದ ಪಲ್ಸ್ ಡೆಂಪ್‌ಸ್ಟರ್ ಲೈನ್ ಇಲ್ಲಿಂದಲೇ ಹೊರಟು ಡೆಸ್ ಪ್ಲೇನ್ಸ್, ನೈಲ್ಸ್, ಮಾರ್ಟನ್ ಗ್ರೋವ್, ಸ್ಕೋಕಿ ಉಪನಗರಗಳನ್ನು ಹಾದು ಇವಾನ್‌ಸ್ಟನ್ ಪೇಟೆಯ ನಡುವಿನ ಡೇವಿಸ್ ಸ್ಟ್ರೀಟ್‌ನಲ್ಲಿ ಕೊನೆಗೊಳ್ಳುತ್ತದೆ. ಎಲ್ಲಿಯೂ ಬದಲಾಯಿಸಬೇಕಿಲ್ಲ, ಕೊನೆಯ ನಿಲ್ದಾಣವಾದ್ದರಿಂದ ಎಲ್ಲಿ ಇಳಿಯಬೇಕೆಂಬ ಆತಂಕವೂ ಇಲ್ಲ. ರಸ್ತೆಯ ಸಂಚಾರ ಹೇಗಿದೆಯೋ ಅದಕ್ಕೆ ತಕ್ಕಂತೆ ಸುಮಾರು ಒಂದು ಗಂಟೆ ಹಿಡಿಯಬಹುದು. ಅದೇ ರಸ್ತೆಯಲ್ಲಿ ಓಡುವ 250ನೇ ಸಂಖ್ಯೆಯ ಬಸ್ಸು ಹೆಚ್ಚು ಕಡೆ ನಿಲ್ಲುತ್ತದೆ. ಎರಡರಲ್ಲಿ ಮೊದಲು ಬಂದದ್ದನ್ನು ಹತ್ತಿದರೂ ನಷ್ಟವಿಲ್ಲ. ಈ ಬಸ್ಸುಗಳ ಕೊರತೆಯೆಂದರೆ ರಾತ್ರಿಯಿಡೀ ಓಡುವುದಿಲ್ಲ. ಸಂಜೆ ತಡವಾಗಿ ಇಳಿಯುವವರು ಕೊನೆಯ ಬಸ್ಸಿನ ವೇಳೆಯನ್ನು ಮೊದಲೇ ಪೇಸ್ ಜಾಲತಾಣದಲ್ಲಿ ನೋಡಿಕೊಂಡಿರಬೇಕು.

ರೈಲೇ ಆಗಬೇಕೆಂದಿದ್ದರೆ, ಟರ್ಮಿನಲ್ 5ರಿಂದ ಎಟಿಎಸ್‌ನಲ್ಲಿ ದೇಶೀಯ ಟರ್ಮಿನಲ್‌ಗಳ ಕಡೆಗೆ ಹೋಗಿ, ನೆಲದಡಿಯಲ್ಲಿರುವ ಬ್ಲೂ ಲೈನ್ ನಿಲ್ದಾಣಕ್ಕೆ ಇಳಿಯಿರಿ. 1984ರಲ್ಲಿ ಓಹೇರ್‌ವರೆಗೆ ವಿಸ್ತರಣೆಯಾದ ಈ ಮಾರ್ಗ ದಿನದ 24 ಗಂಟೆಯೂ ಓಡುತ್ತದೆ. ಇಲ್ಲಿ ಹತ್ತುವವರಿಗೆ ಮಾತ್ರ ವಿಶೇಷ ದರವಿದೆ: 2013ರಲ್ಲಿ ಅದನ್ನು 5 ಡಾಲರಿಗೆ ಏರಿಸಲಾಯಿತು, ಉಳಿದ ನಿಲ್ದಾಣಗಳ ದರಕ್ಕೆ ಹೋಲಿಸಿದರೆ ಬಹುಮಟ್ಟಿಗೆ ಎರಡರಷ್ಟು. ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಜಾಕ್ಸನ್ ನಿಲ್ದಾಣ ಬರುತ್ತದೆ. ಅಲ್ಲಿ ಇಳಿದು ಸುರಂಗ ಹಾದಿಯಲ್ಲಿ ರೆಡ್ ಲೈನಿನ ವೇದಿಕೆಗೆ ನಡೆದು, ‘ಹೋವರ್ಡ್’ ಎಂಬ ಫಲಕವಿರುವ ರೈಲನ್ನು ಹತ್ತಿ, ಅದು ನಿಲ್ಲುವ ಕೊನೆಯವರೆಗೂ ಕುಳಿತಿರಿ. ಹೋವರ್ಡ್‌ನಲ್ಲಿ ‘ಲಿಂಡನ್’ ಎಂದು ಬರೆದ ಪರ್ಪಲ್ ಲೈನ್ ರೈಲಿಗೆ ಬದಲಾಯಿಸಿದರೆ ಸುಮಾರು ಹತ್ತು ನಿಮಿಷಕ್ಕೆ ಡೇವಿಸ್. ನಿಲ್ದಾಣದ ಒಳಗೇ ಬದಲಾಯಿಸುವುದರಿಂದ ಜಾಕ್ಸನ್‌ನಲ್ಲಾಗಲಿ ಹೋವರ್ಡ್‌ನಲ್ಲಾಗಲಿ ಮತ್ತೆ ಹಣ ಕೊಡಬೇಕಿಲ್ಲ. ಕಾಯುವುದೂ ಸೇರಿದರೆ ಒಟ್ಟು ಒಂದೂಮುಕ್ಕಾಲು ಗಂಟೆಯಾದರೂ ಬೇಕು.

ಮಿಡ್‌ವೇಯಿಂದ

ನ್ಯೂಯಾರ್ಕ್‌ನಂಥ ಬೇರೆ ಊರಿನಲ್ಲಿ ಅಮೆರಿಕ ಪ್ರವೇಶಿಸಿ, ಅಲ್ಲಿಂದ ಅಗ್ಗದ ದೇಶೀಯ ವಿಮಾನದಲ್ಲಿ ಬರುವವರು ಮಿಡ್‌ವೇಯಲ್ಲಿ ಇಳಿಯುವುದುಂಟು. ಟಿಕೆಟ್ಟಿನಲ್ಲಿ ಉಳಿಸಿದ್ದನ್ನು ಸಮಯದಲ್ಲಿ ಕೊಡಬೇಕಾಗುತ್ತದೆ, ಏಕೆಂದರೆ ಇವಾನ್‌ಸ್ಟನ್ ಇಲ್ಲಿಂದ ನಗರದ ಮತ್ತೊಂದು ತುದಿ. ಒಳ್ಳೆಯ ಸಂಗತಿಯೆಂದರೆ ದಾರಿ ಸರಳ. 1993ರಲ್ಲಿ ಆರಂಭವಾದ ಆರೆಂಜ್ ಲೈನ್ ಇಲ್ಲಿಂದಲೇ ಹೊರಡುತ್ತದೆ. ಅದು ನಗರಕೇಂದ್ರದ ಸುತ್ತು ಮಾರ್ಗವಾದ ಲೂಪ್ ಪ್ರವೇಶಿಸುವ ಮೊದಲೇ ಬರುವ ರೂಸ್‌ವೆಲ್ಟ್ ನಿಲ್ದಾಣದಲ್ಲಿ ಇಳಿದು ರೆಡ್ ಲೈನ್ ಹಿಡಿಯಿರಿ. ಲೂಪ್‌ವರೆಗೆ ಹೋಗಿ ಬದಲಾಯಿಸುವುದಕ್ಕಿಂತ ಇದು ಮೇಲು: ಇಲ್ಲಿ ಲಿಫ್ಟ್ ಇದೆ, ಎರಡೂ ಮಾರ್ಗಗಳನ್ನು ಕೂಡಿಸುವ ಒಳದಾರಿಯಿದೆ, ಬೀದಿಗೆ ಇಳಿಯಬೇಕಿಲ್ಲ. ಅಲ್ಲಿಂದ ಮುಂದೆ ಹೋವರ್ಡ್, ಪರ್ಪಲ್ ಲೈನ್, ಡೇವಿಸ್ ಎಂಬ ಅದೇ ಕ್ರಮ.

ವಾರದ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಮಾತ್ರ ಪರ್ಪಲ್ ಲೈನಿನ ಎಕ್ಸ್‌ಪ್ರೆಸ್ ರೈಲುಗಳು ಲೂಪ್‌ನಿಂದ ನೇರವಾಗಿ ಇವಾನ್‌ಸ್ಟನ್‌ಗೆ ಓಡುತ್ತವೆ. ಒಂದು ಸಲ ರೈಲು ಬದಲಾಯಿಸುವುದು ತಪ್ಪುತ್ತದೆ ನಿಜ, ಆದರೆ ಕಚೇರಿ ಬಿಟ್ಟ ಜನರ ನಡುವೆ ತಲಾ 23 ಕಿಲೊ ತೂಗುವ ಎರಡು ಪೆಟ್ಟಿಗೆಗಳನ್ನು ನಿಲ್ಲಿಸಿಕೊಳ್ಳಲು ಜಾಗ ಹುಡುಕುವ ಕಷ್ಟ ಆ ಲಾಭವನ್ನು ನುಂಗಿಹಾಕುತ್ತದೆ. ನಗರಕೇಂದ್ರದ ಓಗಿಲ್ವಿ ನಿಲ್ದಾಣದಿಂದ ಹೊರಡುವ ಮೆಟ್ರಾ ಉಪನಗರ ರೈಲಿನ ಯೂನಿಯನ್ ಪೆಸಿಫಿಕ್ ನಾರ್ತ್ ಮಾರ್ಗವೂ ಡೇವಿಸ್ ಸ್ಟ್ರೀಟ್ ಮುಟ್ಟುತ್ತದೆ, ಬೇಗನೆ ಮುಟ್ಟುತ್ತದೆ. ಅದರ ಟಿಕೆಟ್ ಬೇರೆ, ವೇಳಾಪಟ್ಟಿ ಬೇರೆ. ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾಗಬಹುದು.

ಡೇವಿಸ್‌ನಿಂದ ಕೋಣೆಯವರೆಗೆ

ನಕ್ಷೆ ನೋಡಿದರೆ ಕ್ಯಾಂಪಸ್‌ಗೆ ಡೇವಿಸ್‌ಗಿಂತ ಮುಂದಿನ ಫಾಸ್ಟರ್ ಮತ್ತು ನೋಯ್ಸ್ ನಿಲ್ದಾಣಗಳು ಹತ್ತಿರವೆನಿಸುತ್ತವೆ, ಅದರಲ್ಲೂ ಎಂಜಿನಿಯರಿಂಗ್ ಕಟ್ಟಡವಿರುವ ಉತ್ತರ ಭಾಗಕ್ಕೆ. ಆದರೂ ಮೊದಲ ದಿನ ಡೇವಿಸ್‌ನಲ್ಲೇ ಇಳಿಯಿರಿ. ಇಲ್ಲಿ ರೈಲು ಓಡುವುದು ಬೀದಿಗಿಂತ ಎತ್ತರದ ಏರಿಯ ಮೇಲೆ. ಡೇವಿಸ್‌ನಲ್ಲಿ ಲಿಫ್ಟ್ ಇದೆ, ಫಾಸ್ಟರ್ ಮತ್ತು ನೋಯ್ಸ್‌ಗಳಲ್ಲಿ ಮೆಟ್ಟಿಲು ಮಾತ್ರ. ಒಂದು ಪೆಟ್ಟಿಗೆಯನ್ನು ಕೆಳಗಿಟ್ಟು ಮತ್ತೊಂದನ್ನು ತರಲು ಮೇಲೆ ಹತ್ತುವಾಗ ಕೆಳಗಿನದರ ಮೇಲೆ ಕಣ್ಣಿಡುವವರು ಯಾರೂ ಇರುವುದಿಲ್ಲ. ಡೇವಿಸ್‌ನಿಂದ ಶೆರಿಡನ್ ರಸ್ತೆಯಲ್ಲಿರುವ ಕ್ಯಾಂಪಸ್ಸಿನ ಕಮಾನು ದ್ವಾರಕ್ಕೆ ಕೈಬೀಸಿ ನಡೆದರೆ ಹತ್ತು ನಿಮಿಷ. ಸಾಮಾನಿದ್ದರೆ ಈ ಕೊನೆಯ ತುಣುಕಿಗೆ ಮಾತ್ರ ಟ್ಯಾಕ್ಸಿ ಕರೆದರೆ ಸಾಕು.

ಮಧ್ಯರಾತ್ರಿ ದಾಟಿ ಇಳಿಯುವವರ ಮಾತು ಬೇರೆ. ಬ್ಲೂ ಮತ್ತು ರೆಡ್ ಲೈನುಗಳು ಇಡೀ ರಾತ್ರಿ ಓಡಿದರೂ ಪರ್ಪಲ್ ಮತ್ತು ಆರೆಂಜ್ ಲೈನುಗಳು ಕೆಲವು ಗಂಟೆ ನಿಲ್ಲುತ್ತವೆ. ಅಂಥ ಹೊತ್ತಿನಲ್ಲಿ ಹೋವರ್ಡ್‌ವರೆಗೆ ಬಂದು ಸಿಕ್ಕಿಹಾಕಿಕೊಳ್ಳುವ ಬದಲು ವಿಮಾನ ನಿಲ್ದಾಣದಿಂದಲೇ ಟ್ಯಾಕ್ಸಿ ಹಿಡಿಯುವುದು ವಿವೇಕ. ಟರ್ಮಿನಲ್ ಒಳಗೆ ಹತ್ತಿರ ಬಂದು ‘ಟ್ಯಾಕ್ಸಿ ಬೇಕೆ’ ಎನ್ನುವವರ ಹಿಂದೆ ಹೋಗದೆ, ಹೊರಗಿನ ಅಧಿಕೃತ ಸರದಿಯಲ್ಲೇ ನಿಂತು, ಉಪನಗರಕ್ಕೆ ದರ ಹೇಗೆ ಲೆಕ್ಕ ಹಾಕುತ್ತಾರೆಂದು ಹತ್ತುವ ಮೊದಲೇ ಕೇಳಿಕೊಳ್ಳಿ.

ಜನವರಿಯಲ್ಲಿ ಚಳಿಗಾಲದ ಅವಧಿಗೆ ಬರುವವರು ದಪ್ಪ ಕೋಟನ್ನು ಪೆಟ್ಟಿಗೆಯ ತಳದಲ್ಲಿ ತುಂಬದೆ ಕೈಯಲ್ಲೇ ಹಿಡಿದು ಬರಬೇಕು, ಏಕೆಂದರೆ ಹೋವರ್ಡ್‌ನ ವೇದಿಕೆ ಬಯಲಿನಲ್ಲಿದೆ. ಅಲ್ಲಿ ನೆತ್ತಿಯ ಮೇಲೆ ಬಿಸಿ ಸೂಸುವ ದೀಪಗಳನ್ನು ಅಳವಡಿಸಿರುವ ಮರೆಗಳಿವೆ. ದೀಪ ತಣ್ಣಗಿದ್ದರೆ ಕೆಟ್ಟಿದೆಯೆಂದು ತಿಳಿಯಬೇಡಿ. ಅಲ್ಲೇ ಒಂದು ಗುಂಡಿಯಿರುತ್ತದೆ, ಒತ್ತಿದರೆ ಕೆಂಪಗೆ ಉರಿಯತೊಡಗಿ ಕೆಲವು ನಿಮಿಷಗಳಲ್ಲಿ ತಾನೇ ಆರುತ್ತದೆ, ರೈಲು ಅಷ್ಟರಲ್ಲಿ ಬಾರದಿದ್ದರೆ ಮತ್ತೆ ಒತ್ತಬೇಕು.