ಅರ್ಥಶಾಸ್ತ್ರ ಸಂಶೋಧಕರಿಗೆ ರ್‍ಯಾಂಕ್ ಕೊಡಲು ಕೂತಾಗ

ನಮ್ಮ ವಲಯದ ಅರ್ಥಶಾಸ್ತ್ರ ಸಂಶೋಧಕರ, ಸಂಸ್ಥೆಗಳ ರ್‍ಯಾಂಕ್ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, ಲೆಕ್ಕ ಹಾಕುವುದೇ ಕಷ್ಟದ ಭಾಗ ಅಂದುಕೊಂಡಿದ್ದೆ. ಲೆಕ್ಕ ಎರಡೇ ದಿನದಲ್ಲಿ ಮುಗಿಯಿತು. ಯಾರು ಯಾರು, ಯಾರು ಎಲ್ಲಿದ್ದಾರೆ ಎಂದು ಗೊತ್ತುಮಾಡಿಕೊಳ್ಳಲು ತಿಂಗಳುಗಳೇ ಹಿಡಿದವು.

ಮಾಹಿತಿಗಾಗಿ ಮೊದಲು ನೋಡಿದ್ದು ರೆಪೆಕ್. 1997ರಲ್ಲಿ ಶುರುವಾದ, ಹೆಚ್ಚಾಗಿ ಸ್ವಯಂಸೇವಕರ ದುಡಿಮೆಯಿಂದ ನಡೆಯುವ ಅರ್ಥಶಾಸ್ತ್ರದ ಗ್ರಂಥಸೂಚಿ ಅದು. ದೇಶವಾರು, ಪ್ರದೇಶವಾರು ರ್‍ಯಾಂಕಿಂಗ್ ಕೂಡ ಅಲ್ಲಿದೆ. ಸಂಶೋಧಕರು ತಾವೇ ನೋಂದಾಯಿಸಿಕೊಂಡು, ಯಾವ ಪ್ರಬಂಧ ತಮ್ಮದು ಎಂದು ಗುರುತಿಸಬೇಕು. ನೋಂದಾಯಿಸದವರು ಆ ರ್‍ಯಾಂಕಿಂಗ್‌ನ ಲೆಕ್ಕಕ್ಕೇ ಬರುವುದಿಲ್ಲ. ನಮ್ಮಲ್ಲಿ ಹೆಸರು ಮಾಡಿದ ಹಿರಿಯರೇ ಹಲವರು ಅದರಲ್ಲಿರಲಿಲ್ಲ. ಒಬ್ಬೊಬ್ಬರಿಗೂ ಬರೆದು ಕೇಳಿಕೊಂಡೆ, ಕೆಲವರು ನೋಂದಾಯಿಸಿದರು. ಉಳಿದವರ ಪ್ರಬಂಧಗಳನ್ನು ಸಂಸ್ಥೆಗಳ ಸಿಬ್ಬಂದಿ ಪಟ್ಟಿ ಹಿಡಿದು ನಾನೇ ಕೂಡಿಸಿದೆ.

ಒಂದೇ ಇನಿಷಿಯಲ್, ಒಂದೇ ಹೆಸರಿನ ಇಬ್ಬರು. ಮದುವೆಯ ನಂತರ ಹೆಸರು ಬದಲಾದವರು. ಒಂದು ಕಾಲು ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ಕೇಂದ್ರ ಬ್ಯಾಂಕಿನಲ್ಲಿ ಇಟ್ಟವರು. ಇಬ್ಬಗೆಯ ನೌಕರಿ ಇರುವವರ ಅಂಕವನ್ನು ರೆಪೆಕ್‌ನಲ್ಲಿ ಶೇಕಡಾವಾರು ಹಂಚಬಹುದು, ನಾನೂ ಹಾಗೇ ಮಾಡಿದೆ. ವಲಯ ಬಿಟ್ಟು ಹೋದವರನ್ನು ಸೇರಿಸಬೇಕೇ ಬೇಡವೇ ಎಂಬಂಥ ನಿಯಮಗಳನ್ನು ಹೆಸರುಗಳನ್ನು ನೋಡುವ ಮೊದಲೇ ಬರೆದಿಟ್ಟುಕೊಂಡೆ. ಹೆಸರು ಕಣ್ಣಿಗೆ ಬಿದ್ದ ಮೇಲೆ ಮಾಡುವ ನಿಯಮ ಯಾರದೋ ಪರವಾಗಿ ವಾಲಿಬಿಡುತ್ತದೆ.

ಅರ್ಥಶಾಸ್ತ್ರದಲ್ಲಿ ಸಹಲೇಖಕರ ಹೆಸರುಗಳನ್ನು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲೇ ಹಾಕುತ್ತಾರೆ. ಹಾಗಾಗಿ ಮೊದಲ ಹೆಸರಿಗೆ ಹೆಚ್ಚು ಅಂಕ ಕೊಡುವುದು ಅನ್ಯಾಯ. ಮೂವರು ಬರೆದಿದ್ದರೆ ತಲಾ ಮೂರನೇ ಒಂದು ಪಾಲು ಕೊಟ್ಟೆ. ಅದೇ ಪ್ರಬಂಧ ಮೊದಲು ವರ್ಕಿಂಗ್ ಪೇಪರ್ (ಜರ್ನಲ್‌ಗೆ ಮುಂಚಿನ ಕರಡು) ಆಗಿ, ಆಮೇಲೆ ಜರ್ನಲ್‌ನಲ್ಲಿ ಬಂದಿದ್ದರೆ ಒಂದೇ ಸಲ ಎಣಿಸಿ, ಎರಡಕ್ಕೂ ಬಂದ ಉಲ್ಲೇಖಗಳನ್ನು (ಬೇರೆ ಪ್ರಬಂಧಗಳು ಅದನ್ನು ಹೆಸರಿಸಿದ್ದನ್ನು) ಕೂಡಿಸಿದೆ.

ಇನ್ನು ಅಂಕಗಳ ಮಾತು. ಪ್ರಬಂಧಗಳ ಸಂಖ್ಯೆ, ಉಲ್ಲೇಖಗಳು, ಜರ್ನಲ್‌ನ ತೂಕ, ಎಚ್-ಸೂಚ್ಯಂಕ (ತಲಾ ಕನಿಷ್ಠ ಹತ್ತು ಉಲ್ಲೇಖ ಪಡೆದ ಹತ್ತು ಪ್ರಬಂಧಗಳಿದ್ದರೆ ಅದು ಕನಿಷ್ಠ 10): ಒಂದೊಂದು ಅಳತೆಯೂ ಒಂದೊಂದು ಕ್ರಮ ಕೊಡುತ್ತದೆ. ಇವನ್ನು ಕೂಡಿಸಲು ರೆಪೆಕ್ ಸ್ಥಾನಗಳ ಹಾರ್ಮೋನಿಕ್ ಸರಾಸರಿ ಬಳಸುತ್ತದೆ, ಅಂದರೆ ಒಂದನ್ನು ಪ್ರತಿ ಸ್ಥಾನದಿಂದ ಭಾಗಿಸಿ, ಬಂದವುಗಳ ಸರಾಸರಿ ತೆಗೆದು, ಒಂದನ್ನು ಆ ಸರಾಸರಿಯಿಂದ ಮತ್ತೆ ಭಾಗಿಸುವುದು. ಮೂರು ಅಳತೆಗಳಲ್ಲಿ 1, 50, 50ನೇ ಸ್ಥಾನ ಪಡೆದವರೊಬ್ಬರು, ಮೂರರಲ್ಲೂ 10ನೇ ಸ್ಥಾನದಲ್ಲಿರುವವರು ಇನ್ನೊಬ್ಬರು ಅನ್ನಿ. ಸಾಮಾನ್ಯ ಸರಾಸರಿಯಲ್ಲಿ ಮೊದಲನೆಯವರದು 33.7, ಎರಡನೆಯವರೇ ಮುಂದೆ. ಹಾರ್ಮೋನಿಕ್ ಸರಾಸರಿಯಲ್ಲಿ ಮೊದಲನೆಯವರದು 2.9ಕ್ಕೆ ಇಳಿದು ಅವರೇ ಮುಂದಾಗುತ್ತಾರೆ. ಒಂದು ವಿಷಯದಲ್ಲಿ ಮೇಲೇರಿದವರಿಗೆ ಈ ವಿಧಾನ ಒಲಿಯುತ್ತದೆ. ಸಣ್ಣ ವಲಯದಲ್ಲಿ ಅದು ನನಗೆ ಹೆಚ್ಚೆನಿಸಿತು. ಎರಡೂ ಕ್ರಮಗಳನ್ನು ಅಕ್ಕಪಕ್ಕ ಅಚ್ಚು ಹಾಕಿದೆ.

ಸಂಸ್ಥೆಗಳ ವಿಷಯದಲ್ಲಿ ಒಂದು ಪರೀಕ್ಷೆ ಮಾಡಿದೆ. ಪ್ರತಿ ಸಂಸ್ಥೆಯಿಂದ ಅತಿ ಹೆಚ್ಚು ಅಂಕದ ಒಬ್ಬರನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆ. ಮೇಲಿನ ಒಂದು ಸಂಸ್ಥೆ ಪಟ್ಟಿಯ ನಡುವಿಗೆ ಜಾರಿತು. ಅಂದರೆ ಅದು ಒಬ್ಬ ವ್ಯಕ್ತಿಯ ರ್‍ಯಾಂಕ್, ಸಂಸ್ಥೆಯದಲ್ಲ. ಮೂರನೆಯದಕ್ಕೂ ಐದನೆಯದಕ್ಕೂ ನಡುವಿನ ಅಂತರ ಒಂದೆರಡು ಪ್ರಬಂಧಗಳಷ್ಟೇ ಇದ್ದಾಗ ಸಂಖ್ಯೆ ಕೊಡಲು ಮನಸ್ಸಾಗಲಿಲ್ಲ. ಹತ್ತಿರ ಹತ್ತಿರದವರನ್ನೆಲ್ಲ ಒಂದು ಗುಂಪಾಗಿ ತೋರಿಸಿದೆ.

ಪ್ರಕಟಿಸುವ ಮೊದಲು ಪ್ರತಿಯೊಬ್ಬರಿಗೂ ಅವರವರ ಪ್ರಬಂಧಗಳ ಪಟ್ಟಿ ಕಳಿಸಿದೆ. ಬಿಟ್ಟುಹೋದವನ್ನು ಸೇರಿಸಿ ಎಂದೇ ಹೆಚ್ಚಿನವರು ಬರೆದರು. ಒಬ್ಬರು ಮಾತ್ರ, ‘ಇದರಲ್ಲಿ ಎರಡು ನನ್ನವಲ್ಲ, ತೆಗೆಯಿರಿ’ ಅಂದರು. ತೆಗೆದ ಮೇಲೆ ಅವರು ಮೊದಲ ಗುಂಪಿನಿಂದ ಎರಡನೆಯದಕ್ಕೆ ಇಳಿದರು.